ನೆಟ್‌ವರ್ಕ್ ಒಳಗಿನ ಆಸ್ಪತ್ರೆ, ನೆಟ್‌ವರ್ಕ್ ಹೊರಗಿನ ಬಿಲ್ಲು

ನಮ್ಮವರಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ, ಗಾಯ ಮಾಗಿ, ಮತ್ತೆ ಆಫೀಸಿಗೆ ಹೋಗಲು ಶುರು ಮಾಡಿದ ಮೇಲೆ ಬಿಲ್ಲುಗಳು ಬರತೊಡಗಿದವು. ಆಸ್ಪತ್ರೆಯದು ಒಂದು. ಎಮರ್ಜೆನ್ಸಿ ಡಾಕ್ಟರುಗಳದು ಇನ್ನೊಂದು. ಸರ್ಜನ್ ಅವರದು ಬೇರೆ, ಸಿಟಿ ಸ್ಕ್ಯಾನ್ ಓದಿದವರದು ಬೇರೆ, ಆಂಬ್ಯುಲೆನ್ಸ್‌ನದು ಬೇರೆ. ಕೊನೆಗೆ, ನಾವು ಹೆಸರೇ ಕೇಳಿರದ ಒಂದು ಅರಿವಳಿಕೆ ಸಂಸ್ಥೆಯಿಂದ 3,468 ಡಾಲರ್ ಕಟ್ಟಿ ಅಂತ ಕಾಗದ ಬಂತು.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕೆ. ಆ ಆಸ್ಪತ್ರೆ ನಮ್ಮ ಇನ್ಶೂರೆನ್ಸ್ ನೆಟ್‌ವರ್ಕ್ ಒಳಗೇ ಇತ್ತು, ಅಂದರೆ ಇನ್ಶೂರೆನ್ಸ್ ಕಂಪನಿಯ ಜೊತೆ ದರದ ಒಪ್ಪಂದ ಮಾಡಿಕೊಂಡಿತ್ತು. ಇವರು ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದಾಗಲೂ ನಾನು ಫೋನಿನಲ್ಲಿ ಅದನ್ನು ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಸರ್ಜನ್ ಕೂಡ ನೆಟ್‌ವರ್ಕ್ ಒಳಗಿನವರೇ. ಆದರೆ ಅರಿವಳಿಕೆ ಕೊಟ್ಟವರು ಆಸ್ಪತ್ರೆಯ ನೌಕರರಲ್ಲ. ಅವರದು ಬೇರೆ ಕಂಪನಿ, ಆ ಕಂಪನಿಗೂ ನಮ್ಮ ಇನ್ಶೂರೆನ್ಸಿಗೂ ಒಪ್ಪಂದ ಇಲ್ಲ. ಇದು ನಮಗೆ ಗೊತ್ತಾಗಿದ್ದು ಬಿಲ್ಲು ಬಂದ ಮೇಲೆ.

ಹಾಸನದಿಂದ ಅತ್ತೆ ಫೋನಿನಲ್ಲಿ ಕೇಳಿದರು: “ಇನ್ಶೂರೆನ್ಸ್ ಇದೆ ಅಂತೀಯ, ಪ್ರತಿ ತಿಂಗಳು ಸಂಬಳದಲ್ಲಿ ಹಿಡೀತಾರೆ ಅಂತೀಯ. ಮತ್ತೆ ಇದ್ಯಾವ ಬಿಲ್ಲಮ್ಮಾ?” ಊರಿನಲ್ಲಾದರೆ ಡಿಸ್ಚಾರ್ಜ್ ಮಾಡುವ ಮುಂಚೆಯೇ ಕೌಂಟರಿನಲ್ಲಿ ಲೆಕ್ಕ ಮುಗಿಯುತ್ತದೆ. ಜಾಸ್ತಿಯೋ ಕಡಿಮೆಯೋ, ಕಟ್ಟಿ ಬಂದರೆ ಮುಗೀತು. ಇಲ್ಲಿ ಮನೆಗೆ ಬಂದ ಮೇಲೆ ಲೆಕ್ಕ ಶುರುವಾಗುತ್ತದೆ.

ನಮ್ಮ ಬೀದಿಯ ಹಿಂದೆ ಮೈಸೂರಿನ ಅಕ್ಕ ಒಬ್ಬರಿದ್ದಾರೆ. ಒಂದು ಕ್ಲಿನಿಕ್‌ನಲ್ಲಿ ಮೆಡಿಕಲ್ ಬಿಲ್ಲಿಂಗ್ ಕೆಲಸ ಮಾಡುತ್ತಾರೆ. ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಅವರ ಮನೆಗೆ ಹೋದೆ. ಮೊದಲ ಮಾತಿಗೇ ಅಂದರು: “ಇನ್ನೂ ಏನೂ ಕಟ್ಟಿಲ್ಲ ತಾನೇ? ಕಟ್ಟಬೇಡ ಕಣೇ. ಮೊದಲು ಇಒಬಿ ತೆಗಿ.”

ಇಒಬಿ ಅಂದರೆ ಇನ್ಶೂರೆನ್ಸ್ ಕಂಪನಿ ಕಳಿಸುವ ವಿವರಣೆ ಪತ್ರ. ಎಕ್ಸ್‌ಪ್ಲನೇಷನ್ ಆಫ್ ಬೆನಿಫಿಟ್ಸ್. ಅಮೆರಿಕದಲ್ಲಿರುವ ನಮ್ಮಲ್ಲಿ ಬಹಳ ಜನ ಅದನ್ನು ಓದುವುದೇ ಇಲ್ಲ. ‘ಇದು ಬಿಲ್ ಅಲ್ಲ’ ಅಂತ ಮೇಲೇ ಬರೆದಿರುತ್ತದಲ್ಲ, ನೋಡಿ ಪಕ್ಕಕ್ಕಿಡುತ್ತೇವೆ. ಆದರೆ ಈ ಇಡೀ ವ್ಯವಹಾರದಲ್ಲಿ ರೋಗಿಯ ಕೈಯಲ್ಲಿರುವ ಗಟ್ಟಿ ದಾಖಲೆ ಅಂದರೆ ಅದೇ.

ಅಕ್ಕ ಅರಿವಳಿಕೆಯ ಬಿಲ್ಲನ್ನೂ ಅದರ ಇಒಬಿಯನ್ನೂ ಪಕ್ಕಪಕ್ಕ ಇಟ್ಟರು. ಒಂದು ಸ್ಕೇಲ್ ತೆಗೆದುಕೊಂಡು ಸಾಲಿನ ಕೆಳಗೆ ಹಿಡಿದು ಓದುತ್ತಾ ಹೋದರು. ಸಂಸ್ಥೆ ಕೇಳಿದ್ದು 4,380 ಡಾಲರ್. ಇನ್ಶೂರೆನ್ಸ್ ಒಪ್ಪಿದ ದರ 1,140. ಅದರಲ್ಲಿ ಇನ್ಶೂರೆನ್ಸ್ ಕೊಟ್ಟಿದ್ದು 912. ಆಸ್ಪತ್ರೆ ಬಿಲ್ಲಿನಲ್ಲೇ ನಮ್ಮ ವರ್ಷದ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮುಂಚೆ ನಾವೇ ಕಟ್ಟಬೇಕಾದ ಮೊತ್ತ, ಮುಗಿದಿತ್ತು. ಉಳಿದಿದ್ದು ನಮ್ಮ 20 ಪರ್ಸೆಂಟ್, ಅಂದರೆ 228. ಕೊನೆಯ ಕಾಲಂನಲ್ಲಿ ‘ನೀವು ಕೊಡಬೇಕಾಗಬಹುದಾದ ಮೊತ್ತ’ ಅಂತ 228 ಅಂತಲೇ ಇತ್ತು. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಈ ಕ್ಲೇಮನ್ನು ನೋ ಸರ್ಪ್ರೈಸಸ್ ಕಾಯ್ದೆಯ ಪ್ರಕಾರ ಲೆಕ್ಕ ಹಾಕಿದ್ದೇವೆ ಅಂತ ಒಂದು ಟಿಪ್ಪಣಿ. ಸಂಸ್ಥೆ ಮಾತ್ರ 4,380ರಲ್ಲಿ ಇನ್ಶೂರೆನ್ಸ್ ಕೊಟ್ಟ 912 ಕಳೆದು, ಉಳಿದ ಅಷ್ಟನ್ನೂ ನಮ್ಮ ತಲೆಗೆ ಕಟ್ಟಿತ್ತು.

“ನೋಡು, 228ಕ್ಕಿಂತ ಒಂದು ಡಾಲರ್ ಜಾಸ್ತಿ ಕೇಳೋ ಹಕ್ಕು ಅವರಿಗಿಲ್ಲ,” ಅಂದರು ಅಕ್ಕ. “ಮಿಕ್ಕಿದ್ದು ಬೇಕು ಅಂದ್ರೆ ಅವರು ಇನ್ಶೂರೆನ್ಸ್‌ನವರ ಹತ್ರ ಜಗಳ ಆಡ್ಕೋಬೇಕು. ನಿನ್ನ ಹತ್ರ ಅಲ್ಲ.”

ಈ ಕಾಯ್ದೆಯ ಹೆಸರು ನನಗೆ ಅಲ್ಲಿಯವರೆಗೆ ಸುದ್ದಿಯಲ್ಲಿ ಕೇಳಿದಷ್ಟೇ ಗೊತ್ತಿತ್ತು. ಆಮೇಲೆ ಕೂತು ಓದಿದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ದೊಡ್ಡ ಖರ್ಚಿನ ಮಸೂದೆಯ ಜೊತೆ ಸೇರಿಸಿ ಇದನ್ನು ಪಾಸು ಮಾಡಿತು. ಆ ತಿಂಗಳ 27ರಂದು ಅಧ್ಯಕ್ಷರ ಸಹಿ ಬಿತ್ತು. 2022ರ ಜನವರಿ 1ರಿಂದ ಜಾರಿಗೆ ಬಂತು. ಎಮರ್ಜೆನ್ಸಿಯಲ್ಲಿ ಯಾವ ಆಸ್ಪತ್ರೆಗೆ ಹೋದರೂ, ಅದು ನೆಟ್‌ವರ್ಕ್ ಹೊರಗಿನದಾದರೂ, ನಿಮ್ಮ ಪಾಲು ನೆಟ್‌ವರ್ಕ್ ಒಳಗಿನ ಲೆಕ್ಕದಲ್ಲೇ ಇರಬೇಕು. ಮೊದಲೇ ಗೊತ್ತು ಮಾಡಿದ ಆಪರೇಷನ್‌ಗೆ ನೆಟ್‌ವರ್ಕ್ ಒಳಗಿನ ಆಸ್ಪತ್ರೆಗೆ ಹೋದಾಗ ಅಲ್ಲಿ ಯಾರೋ ನೆಟ್‌ವರ್ಕ್ ಹೊರಗಿನ ಡಾಕ್ಟರ್ ಬಂದು ಚಿಕಿತ್ಸೆ ಕೊಟ್ಟರೂ ಅದೇ ನಿಯಮ. ಏರ್ ಆಂಬ್ಯುಲೆನ್ಸ್‌ಗೂ ಇದೆ. ಹೀಗೆ ಕಟ್ಟಿದ ಹಣ ನಿಮ್ಮ ನೆಟ್‌ವರ್ಕ್ ಒಳಗಿನ ಡಿಡಕ್ಟಿಬಲ್‌ಗೂ ವರ್ಷಕ್ಕೆ ನಿಮ್ಮ ಕೈಯಿಂದ ಹೋಗಬಹುದಾದ ಗರಿಷ್ಠ ಮಿತಿಗೂ ಜಮೆ ಆಗಬೇಕು. ಕಂಪನಿ ಕೊಡುವ ಇನ್ಶೂರೆನ್ಸ್ ಇರಲಿ, ಮಾರ್ಕೆಟ್‌ಪ್ಲೇಸ್ ಅನ್ನುವ ಸರ್ಕಾರಿ ಇನ್ಶೂರೆನ್ಸ್ ಮಾರುಕಟ್ಟೆಯಲ್ಲಿ ನೀವೇ ಕೊಂಡದ್ದಿರಲಿ, ಎರಡಕ್ಕೂ ಇದು ಅನ್ವಯಿಸುತ್ತದೆ.

ನಮ್ಮವರಿಗೆ ಒಂದು ಅನುಮಾನ ಇತ್ತು. ಟೆಕ್ಸಾಸ್‌ನಲ್ಲಿ 2020ರ ಜನವರಿಯಿಂದಲೇ ಇಂಥದೊಂದು ರಾಜ್ಯದ ಕಾನೂನು ಇದೆ. ಅದು ನಮಗೆ ಲಾಗೂ ಆಗಲ್ಲ ಅಂತ ಅವರ ಆಫೀಸಿನಲ್ಲಿ ಯಾರೋ ಹೇಳಿದ್ದರು. ಆ ಮಾತು ಸರಿಯೇ. ಇಲ್ಲಿ ಇನ್ಶೂರೆನ್ಸ್ ಕಾರ್ಡಿನ ಮೇಲೆ ಟಿಡಿಐ ಅಥವಾ ಡಿಒಐ ಅನ್ನುವ ಅಕ್ಷರ ಇದ್ದರೆ ಅದು ರಾಜ್ಯದ ಇನ್ಶೂರೆನ್ಸ್ ಇಲಾಖೆಯ ಕೈಕೆಳಗಿನ ಪ್ಲಾನ್. ನಮ್ಮ ಕಾರ್ಡಿನಲ್ಲಿ ಅದಿಲ್ಲ. ದೊಡ್ಡ ಕಂಪನಿಗಳು ಬಹುಪಾಲು ತಮ್ಮದೇ ದುಡ್ಡಿನಲ್ಲಿ ಪ್ಲಾನ್ ನಡೆಸುತ್ತವೆ. ಕಾರ್ಡಿನ ಮೇಲೆ ಹೆಸರಿರುವ ಇನ್ಶೂರೆನ್ಸ್ ಕಂಪನಿ ಸುಮ್ನೆ ಲೆಕ್ಕ ನೋಡಿಕೊಳ್ಳುತ್ತದೆ ಅಷ್ಟೇ. ಅಂಥ ಪ್ಲಾನ್‌ಗಳು 1974ರ ಒಂದು ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕಾನೂನಿನ ಕೆಳಗೆ ಬರುತ್ತವೆ, ರಾಜ್ಯದ ಕಾನೂನು ಅವುಗಳನ್ನು ಮುಟ್ಟುವಂತಿಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲೂ ರಾಜ್ಯದ ಕಾನೂನು ಮೊದಲೇ ಬಂದಿದ್ದರೂ, ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮಂಥ ಎಷ್ಟೋ ಕುಟುಂಬಗಳಿಗೆ ಅದರ ಪ್ರಯೋಜನ ಸಿಗದೆ ಇದ್ದದ್ದು ಇದೇ ಕಾರಣಕ್ಕೆ. 2022ರ ಫೆಡರಲ್ ಕಾಯ್ದೆ ಆ ತೂತನ್ನು ಮುಚ್ಚಿತು. ಸ್ವಂತ ದುಡ್ಡಿನ ಪ್ಲಾನ್‌ಗಳೂ ಈಗ ಅದರ ಒಳಗೇ.

ಇಷ್ಟು ತಿಳಿದುಕೊಂಡು ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ಮೃದುವಾಗೇ ಮಾತಾಡಿದಳು. “ನಿಮ್ಮ ಇನ್ಶೂರೆನ್ಸ್ ಕಡಿಮೆ ಕೊಟ್ಟಿದೆ ಮೇಡಂ. ಬಾಕಿ ನಿಮ್ಮದು. ಬೇಕಾದರೆ ಕಂತು ಮಾಡಿಕೊಡುತ್ತೇನೆ.” ನಾನು ಕಾಯ್ದೆಯ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಹೋಲ್ಡ್ ಮಾಡಿ ಬಂದು, “ನೀವು ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೀರಿ. ಇನ್ಶೂರೆನ್ಸ್ ಕೊಡದಿದ್ದನ್ನು ನಾವೇ ಕೊಡುತ್ತೇವೆ ಅಂತ ಅದರಲ್ಲಿದೆ,” ಅಂದಳು.

ಸಹಿ ಹಾಕಿದ್ದು ನಿಜ. ಎಮರ್ಜೆನ್ಸಿಯಲ್ಲಿ ಇವರು ಮಂಚದ ಮೇಲೆ ಮಗ್ಗುಲಾಗಿ ಮಲಗಿ, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡಿದ್ದರು. ಕೈಗೆ ಡ್ರಿಪ್ ಹಾಕಿತ್ತು. ಒಬ್ಬಳು ಹುಡುಗಿ ಗಾಲಿ ಮೇಜಿನ ಮೇಲೆ ಕಂಪ್ಯೂಟರ್ ತಳ್ಳಿಕೊಂಡು ಬಂದು, ಒಂದು ಚಿಕ್ಕ ಪ್ಯಾಡ್ ಮುಂದೆ ಹಿಡಿದು, ಇಲ್ಲೊಂದು ಸಹಿ, ಇಲ್ಲೊಂದು ಅಂತ ಮಾಡಿಸಿಕೊಂಡಳು. ಆ ಪ್ಯಾಡಿನಲ್ಲಿ ಸಹಿಯ ಗೆರೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬರಹವೆಲ್ಲ ಅವಳ ಕಡೆಯ ಪರದೆಯಲ್ಲಿತ್ತು. ನೋವಿನಲ್ಲಿರುವ ಮನುಷ್ಯ ಇನ್ನೇನು ಮಾಡಬೇಕು ಹೇಳಿ?

ಕಾಯ್ದೆ ಬರೆದವರು ಇದನ್ನು ಯೋಚಿಸಿದ್ದಾರೆ. ಅದಕ್ಕೇ ನನಗೆ ಅವರ ಮೇಲೆ ಗೌರವ. ನೆಟ್‌ವರ್ಕ್ ಹೊರಗಿನ ಡಾಕ್ಟರ್ ನಿಮ್ಮ ರಕ್ಷಣೆಯನ್ನು ಬಿಟ್ಟುಕೊಡಿ ಅಂತ ಕೇಳಬೇಕಾದರೆ ಅದಕ್ಕೆ ಸರ್ಕಾರವೇ ರೂಪಿಸಿದ ಪ್ರತ್ಯೇಕ ನಮೂನೆ ಇದೆ. ಬೇರೆ ಕಾಗದಗಳ ನಡುವೆ ಅದನ್ನು ತೂರಿಸುವ ಹಾಗಿಲ್ಲ. ಅಂದಾಜು ಖರ್ಚು ಎಷ್ಟು ಅಂತ ಅದರಲ್ಲಿ ಬರೆದಿರಬೇಕು. ಚಿಕಿತ್ಸೆಗೆ 72 ಗಂಟೆ ಮುಂಚೆ ಕೊಟ್ಟಿರಬೇಕು. ಅದೇ ದಿನ ಗೊತ್ತು ಮಾಡಿದ ಚಿಕಿತ್ಸೆಯಾದರೆ ಕನಿಷ್ಠ 3 ಗಂಟೆ ಮುಂಚೆ. ಎಮರ್ಜೆನ್ಸಿ ಚಿಕಿತ್ಸೆಗೆ ಈ ಒಪ್ಪಿಗೆಯನ್ನು ಕೇಳುವಂತೆಯೇ ಇಲ್ಲ. ಇನ್ನೂ ಮುಖ್ಯವಾದದ್ದು: ಅರಿವಳಿಕೆ, ರೇಡಿಯಾಲಜಿ, ಪೆಥಾಲಜಿ, ನವಜಾತ ಶಿಶುಗಳ ಚಿಕಿತ್ಸೆ, ಸರ್ಜನ್‌ಗೆ ಸಹಾಯಕ್ಕೆ ನಿಲ್ಲುವವರು, ಇಂಥ ಸೇವೆಗಳಿಗೆ ನೀವು ಖುಷಿಯಿಂದ ಸಹಿ ಹಾಕಿಕೊಟ್ಟರೂ ಅದು ನಡೆಯುವುದಿಲ್ಲ. ಯಾಕಂದರೆ ಇವರನ್ನು ರೋಗಿ ಆರಿಸುವುದೇ ಇಲ್ಲ. ಮಲಗಿಸಿದ ಮೇಲೆ ಬರುತ್ತಾರೆ, ಏಳುವ ಮುಂಚೆ ಹೋಗಿರುತ್ತಾರೆ.

ಅತ್ತೆಗೆ ಇದನ್ನು ಅರ್ಥ ಮಾಡಿಸುವಾಗ ಅಕ್ಕ ಕೊಟ್ಟ ಉದಾಹರಣೆಯನ್ನೇ ಹೇಳಿದೆ. ಮದುವೆಗೆ ಛತ್ರ ಹಿಡಿದು ಊಟ, ವಾದ್ಯ ಎಲ್ಲಾ ಸೇರಿಸಿ ಮಾತಾಡಿ ಮುಗಿಸಿದ್ದೀರಿ. ತಿಂಗಳಾದ ಮೇಲೆ ಬಡಿಸಿದವರೇ ಬೇರೆ, ಓಲಗದವರೇ ಬೇರೆ ಬಂದು, ಛತ್ರದವರಿಗೂ ನಮಗೂ ಸಂಬಂಧ ಇಲ್ಲ, ನಮ್ಮ ರೇಟೇ ಬೇರೆ ಅಂದ ಹಾಗೆ. ಅತ್ತೆ ತಕ್ಷಣ, “ಅಯ್ಯೋ, ಹಾಗೆಲ್ಲ ಯಾರಾದ್ರೂ ಕೊಡ್ತಾರಾ?” ಅಂದರು.

ಇಲ್ಲಿ ಕೊಡುತ್ತಾರೆ. ಎಷ್ಟೋ ಜನ ಹೆದರಿ ಕೊಟ್ಟುಬಿಡುತ್ತಾರೆ. ಅದೇ ನನಗೆ ಸಂಕಟ. ನಮ್ಮ ಕನ್ನಡ ಕೂಟದಲ್ಲಿ ಈ ವಿಷಯ ಎತ್ತಿದಾಗ ಒಬ್ಬರಾದ ಮೇಲೆ ಒಬ್ಬರು ತಮ್ಮ ಕಥೆ ಹೇಳಿದರು. ಹೆರಿಗೆಯಲ್ಲಿ ಎಪಿಡ್ಯೂರಲ್ ಕೊಟ್ಟವರ ಬಿಲ್ಲು ಕಟ್ಟಿದವರು, ಮಗು ಎನ್‌ಐಸಿಯುನಲ್ಲಿದ್ದಾಗಿನ ಡಾಕ್ಟರ ಬಿಲ್ಲನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದವರು. ವೀಸಾದ ಮೇಲಿರುವ ನಮಗೆ ಕಾಗದ ಅಂದರೇ ಭಯ. ಯಾವುದೋ ಬಾಕಿ ಉಳಿದು ನಾಳೆ ಇನ್ನೇನಕ್ಕೋ ಅಡ್ಡ ಬಂದರೆ ಅಂತ ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ.

ಫೋನಿನಲ್ಲಿ ಕೆಲಸ ಆಗಲ್ಲ ಅಂತ ಗೊತ್ತಾದ ಮೇಲೆ ಬರವಣಿಗೆಗೆ ಇಳಿದೆ. ಅಕ್ಕ ಹೇಳಿದ ಕ್ರಮ ಹೀಗಿತ್ತು. ಮೊದಲು ಇನ್ಶೂರೆನ್ಸ್‌ಗೆ ಫೋನ್ ಮಾಡಿ ಈ ಕ್ಲೇಮ್ ನೋ ಸರ್ಪ್ರೈಸಸ್ ಕಾಯ್ದೆಯ ಕೆಳಗೆ ಬರುತ್ತದೆ ಅನ್ನುವುದನ್ನು ಅವರ ಬಾಯಿಂದ ಖಾತ್ರಿ ಮಾಡಿಕೊಳ್ಳಬೇಕು. ಮಾತಾಡಿದವರ ಹೆಸರು, ತಾರೀಖು, ಆ ಕರೆಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಬೇಕು. ಆಮೇಲೆ, ನಮ್ಮನ್ನು ಲೈನಿನಲ್ಲಿ ಇಟ್ಟುಕೊಂಡೇ ಬಿಲ್ಲಿಂಗ್ ಆಫೀಸಿಗೆ ಫೋನ್ ಮಾಡಿ ಅಂತ ಅವರನ್ನೇ ಕೇಳಬೇಕು. ಇನ್ಶೂರೆನ್ಸ್‌ನವನು ಅದಕ್ಕೆ ಒಪ್ಪಿದ. ಮೂವರೂ ಒಂದೇ ಲೈನಿನಲ್ಲಿದ್ದಾಗ ಅವನು ಸ್ಪಷ್ಟವಾಗಿ ಹೇಳಿದ: ಇವರ ಪಾಲು 228, ಉಳಿದಿದ್ದಕ್ಕೆ ನೀವು ನಮ್ಮ ಜೊತೆ ಮಾತಾಡಿ. ಆ ಕಡೆಯವರು ನೋಟ್ ಮಾಡಿಕೊಳ್ಳುತ್ತೇವೆ ಅಂದರು.

ನೋಟ್ ಮಾಡಿಕೊಂಡರೋ ಇಲ್ಲವೋ, ಮುಂದಿನ ತಿಂಗಳು ಅದೇ 3,468ರ ಬಿಲ್ಲು ಮತ್ತೆ ಬಂತು. ಈ ಸಲ ಮೇಲೆ ಕೆಂಪು ಪಟ್ಟಿ: ಕಟ್ಟದಿದ್ದರೆ ಕಲೆಕ್ಷನ್ ಏಜೆನ್ಸಿಗೆ ಕೊಡುತ್ತೇವೆ.

ಆ ಕೆಂಪು ಪಟ್ಟಿ ನೋಡಿ ನಮ್ಮವರಿಗೆ ನಿದ್ದೆ ಬರಲಿಲ್ಲ. ಮನೆ ಸಾಲದ ಬಡ್ಡಿ ಇಳಿಸಿಕೊಳ್ಳಲು ಅರ್ಜಿ ಹಾಕುವ ಯೋಚನೆ ಇತ್ತು, ಕ್ರೆಡಿಟ್ ಸ್ಕೋರ್ ಬಿದ್ದರೆ ಕಷ್ಟ. “ಹೋಗಲಿ ಬಿಡು, ಅರ್ಧಕ್ಕಾದರೂ ಒಪ್ಪಿಸಿ ಕಟ್ಟಿಬಿಡೋಣ,” ಅಂದರು. ನಾನು ಒಪ್ಪಲಿಲ್ಲ. ಕೊಡಬೇಕಾಗಿಲ್ಲದ ದುಡ್ಡಿನಲ್ಲಿ ಅರ್ಧ ಎಲ್ಲಿಂದ ಬಂತು? ಅಲ್ಲದೆ ಹೆದರಿಕೆಗೆ ಅಷ್ಟು ಕಾರಣವೂ ಇರಲಿಲ್ಲ. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಜನರ ಸಾಲದ ದಾಖಲೆ ಇಡುವ ಈ ಮೂರೂ ಕಂಪನಿಗಳು 2022ರಿಂದ ವೈದ್ಯಕೀಯ ಬಾಕಿಯನ್ನು ಒಂದು ವರ್ಷದವರೆಗೆ ಕ್ರೆಡಿಟ್ ವರದಿಗೆ ಹಾಕುವುದಿಲ್ಲ. 2023ರ ಏಪ್ರಿಲ್‌ನಿಂದ 500 ಡಾಲರ್‌ಗಿಂತ ಕಡಿಮೆ ಇರುವ ವೈದ್ಯಕೀಯ ಬಾಕಿಯನ್ನು ಪೂರ್ತಿ ಕೈಬಿಟ್ಟಿವೆ. ಈ ಕಾಯ್ದೆ ತಡೆದಿರುವ ಮೊತ್ತವನ್ನು ವಸೂಲಿ ಮಾಡಲು ಹೊರಟರೆ ಅದು ಸಾಲ ವಸೂಲಿಯ ಕಾನೂನನ್ನೂ ಮುರಿದಂತಾಗಬಹುದು ಅಂತ ಫೆಡರಲ್ ಗ್ರಾಹಕ ರಕ್ಷಣಾ ಸಂಸ್ಥೆ 2022ರ ಜನವರಿಯಲ್ಲೇ ಕಲೆಕ್ಷನ್ ಏಜೆನ್ಸಿಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಹಾಗಾಗಿ ಒಂದು ಪತ್ರ ಬರೆದೆ. ಉದ್ದ ಇಲ್ಲ, ಒಂದೇ ಪುಟ. ರೋಗಿಯ ಹೆಸರು, ಅಕೌಂಟ್ ನಂಬರ್, ಚಿಕಿತ್ಸೆಯ ದಿನ, ಕ್ಲೇಮ್ ನಂಬರ್. ಇದು ನೆಟ್‌ವರ್ಕ್ ಒಳಗಿನ ಆಸ್ಪತ್ರೆಯಲ್ಲಿ ಎಮರ್ಜೆನ್ಸಿಯಲ್ಲಿ ಆದ ಆಪರೇಷನ್. ಅರಿವಳಿಕೆ ಸೇವೆಗೆ ಒಪ್ಪಿಗೆ ಪಡೆದು ಹೆಚ್ಚಿನ ಬಿಲ್ ಮಾಡಲು ಕಾಯ್ದೆಯಲ್ಲಿ ಅವಕಾಶ ಇಲ್ಲ. ಇಒಬಿ ಪ್ರಕಾರ ನಮ್ಮ ಪಾಲು 228 ಡಾಲರ್, ಅದರ ಚೆಕ್ ಇದರ ಜೊತೆ ಇದೆ. ಉಳಿದ 3,240 ಡಾಲರ್ ನಾವು ಒಪ್ಪುವುದಿಲ್ಲ. ದಯವಿಟ್ಟು ಅಕೌಂಟನ್ನು ಸೊನ್ನೆ ಮಾಡಿ ಬರವಣಿಗೆಯಲ್ಲಿ ತಿಳಿಸಿ. ಇಒಬಿಯ ಪ್ರತಿ ಲಗತ್ತಿಸಿ, ಅಂಚೆ ಕಚೇರಿಗೆ ಹೋಗಿ, ತಲುಪಿದ ರಸೀದಿ ಬರುವ ಹಾಗೆ ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ. ನಮ್ಮ ಪಾಲಿನ ದುಡ್ಡನ್ನು ಕಟ್ಟಿಬಿಡುವುದು ಒಳ್ಳೆಯದು ಅಂತ ಅಕ್ಕ ಒತ್ತಿ ಹೇಳಿದ್ದರು. ಆಮೇಲೆ ಯಾರೂ ಇವರು ಏನೂ ಕೊಟ್ಟಿಲ್ಲ ಅನ್ನುವ ಹಾಗಿಲ್ಲ.

ಅದೇ ವಾರ ಸರ್ಕಾರಕ್ಕೂ ದೂರು ಕೊಟ್ಟೆ. ವಯಸ್ಸಾದವರ ಸರ್ಕಾರಿ ಇನ್ಶೂರೆನ್ಸ್ ಆದ ಮೆಡಿಕೇರ್ ನೋಡಿಕೊಳ್ಳುವ ಸಿಎಂಎಸ್ ಅನ್ನುವ ಇಲಾಖೆಯೇ ಇದಕ್ಕೆ ಒಂದು ನೋ ಸರ್ಪ್ರೈಸಸ್ ಸಹಾಯವಾಣಿ ನಡೆಸುತ್ತದೆ. ನಂಬರ್ 1-800-985-3059. ಇಲಾಖೆಯ ವೆಬ್‌ಸೈಟಿನಲ್ಲಿ ಫಾರಂ ತುಂಬಿಯೂ ಕೊಡಬಹುದು. ದೂರು ಕೊಡಲು ಶುಲ್ಕ ಇಲ್ಲ, ವಕೀಲರೂ ಬೇಡ. ಬಿಲ್ಲು, ಇಒಬಿ, ಇನ್ಶೂರೆನ್ಸ್ ಕಾರ್ಡಿನ ಎರಡೂ ಕಡೆಯ ಫೋಟೋ, ನನ್ನ ಪತ್ರ, ಅಂಚೆ ರಸೀದಿ ಎಲ್ಲವನ್ನೂ ಹಾಕಿದೆ. ಫಾರಂ ಸುಲಭವಾಗಿತ್ತು. ಏನಾಯಿತು ಅಂತ ಬರೆಯುವ ಜಾಗದಲ್ಲಿ ಕಥೆ ಬೇಡ, ತಾರೀಖು ಮತ್ತು ಮೊತ್ತ ಸಾಕು. ಕಾಯ್ದೆ ಮುರಿದವರಿಗೆ ಒಂದೊಂದು ಉಲ್ಲಂಘನೆಗೂ 10,000 ಡಾಲರ್‌ವರೆಗೆ ದಂಡ ಹಾಕಬಹುದು. ಗೊತ್ತಿಲ್ಲದೆ ಆಗಿದ್ದು ಅಂತ ತೋರಿಸಿ, 30 ದಿನದೊಳಗೆ ಬಿಲ್ಲು ವಾಪಸ್ ತೆಗೆದುಕೊಂಡು, ಜಾಸ್ತಿ ವಸೂಲಿ ಮಾಡಿದ್ದರೆ ಬಡ್ಡಿ ಸಮೇತ ಹಿಂದಿರುಗಿಸಿದರೆ ದಂಡ ಮಾಫಿ ಆಗಬಹುದು. ಈ 30 ದಿನದ ಮಾತನ್ನು ನನ್ನ ಪತ್ರದಲ್ಲೂ ಒಂದು ಸಾಲು ಸೇರಿಸಿದ್ದೆ.

ಇದು ನಡೆಯುತ್ತಿರುವಾಗಲೇ ಇನ್ನೊಂದು ಬಂತು. ತೆಗೆದ ಅಪೆಂಡಿಕ್ಸನ್ನು ಪರೀಕ್ಷೆ ಮಾಡಿದ ಪೆಥಾಲಜಿ ಲ್ಯಾಬ್‌ನ ಬಿಲ್ಲು. 640 ಡಾಲರ್. ಇದರ ಕಥೆ ಬೇರೆ. ಇಲ್ಲಿ ಲ್ಯಾಬ್‌ನವರದು ತಪ್ಪಿರಲಿಲ್ಲ. ನಮ್ಮ ಇನ್ಶೂರೆನ್ಸೇ ಇದನ್ನು ನೆಟ್‌ವರ್ಕ್ ಹೊರಗಿನದು ಅಂತ ಎಣಿಸಿ, ನೆಟ್‌ವರ್ಕ್ ಹೊರಗಿನ ಡಿಡಕ್ಟಿಬಲ್‌ಗೆ ತಳ್ಳಿ, ನಮ್ಮ ಪಾಲು 640 ಅಂತ ಇಒಬಿಯಲ್ಲೇ ಬರೆದಿತ್ತು. ಅಂದರೆ ಬಿಲ್ಲೂ ಇಒಬಿಯೂ ಎರಡೂ ತಾಳೆ ಆಗುತ್ತಿದ್ದವು, ಎರಡೂ ತಪ್ಪು. ಇಒಬಿ ಹೇಳಿದ್ದಕ್ಕಿಂತ ಬಿಲ್ಲು ಜಾಸ್ತಿ ಇದ್ದರೆ ಡಾಕ್ಟರ ಕಡೆ ಹೋಗಬೇಕು. ಇಒಬಿಯೇ ‘ನೆಟ್‌ವರ್ಕ್ ಹೊರಗೆ’ ಅಂತ ಲೆಕ್ಕ ಹಾಕಿದ್ದರೆ ಇನ್ಶೂರೆನ್ಸ್ ಕಡೆ ಹೋಗಬೇಕು. ಈ ವ್ಯತ್ಯಾಸ ಗೊತ್ತಿದ್ದರೆ ಎಷ್ಟೋ ಫೋನ್ ಕರೆ ಉಳಿಯುತ್ತವೆ.

ಇದಕ್ಕೆ ಇನ್ಶೂರೆನ್ಸ್‌ನ ಪೋರ್ಟಲ್‌ನಲ್ಲಿ ಅಪೀಲು ಹಾಕಿದೆ. ಕ್ಲೇಮ್ ತಿರಸ್ಕಾರವಾದ ಮೇಲೆ ಅಪೀಲಿಗೆ 180 ದಿನ ಸಮಯ ಇರುತ್ತದೆ. ಅಲ್ಲೂ ಒಪ್ಪದಿದ್ದರೆ ಹೊರಗಿನ ಸ್ವತಂತ್ರ ಪರಿಶೀಲನೆಗೆ ಹೋಗಬಹುದು, ಈ ಕಾಯ್ದೆಯ ವಿಷಯಗಳಿಗೂ ಅದು ಸಿಗುತ್ತದೆ. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಇವರ ಆಫೀಸಿನ ಎಚ್‌ಆರ್‌ಗೂ ಒಂದು ಮೇಲ್ ಹಾಕಿದ್ದೆವು. ಪ್ಲಾನ್ ಕಂಪನಿಯದೇ ದುಡ್ಡಿನದು ಆದ್ದರಿಂದ ಅವರ ಮಾತಿಗೆ ಬೆಲೆ ಇರುತ್ತದೆ. ಕೆಲವು ವಾರದಲ್ಲಿ ಹೊಸ ಇಒಬಿ ಬಂತು. ಒಪ್ಪಿದ ದರ 95 ಡಾಲರ್, ನಮ್ಮ ಪಾಲು 19. ಕಟ್ಟಿದೆವು. 640 ಎಲ್ಲಿ, 19 ಎಲ್ಲಿ!

ಅರಿವಳಿಕೆಯದು ಇನ್ನೂ ಸ್ವಲ್ಪ ಎಳೆಯಿತು. ಇಲಾಖೆಯಿಂದ ದೂರು ತಲುಪಿದೆ ಅಂತ ಉತ್ತರ ಬಂತು, ಆಮೇಲೆ ಒಂದು ಕಾಗದ ಸ್ಪಷ್ಟವಾಗಿಲ್ಲ, ಮತ್ತೆ ಕಳಿಸಿ ಅಂದರು. ಕಳಿಸಿದೆ. ಒಂದು ದಿನ ಆ ಸಂಸ್ಥೆಯಿಂದ ಲಕೋಟೆ ಬಂತು. ತೆರೆಯುವಾಗ ಎದೆ ಹೊಡೆದುಕೊಂಡಿತು. ಒಳಗೆ ಹೊಸ ಸ್ಟೇಟ್‌ಮೆಂಟ್: ಪಾವತಿ 228, ಹೊಂದಾಣಿಕೆ 3,240, ಬಾಕಿ 0.00. ಕ್ಷಮೆ ಇಲ್ಲ, ವಿವರಣೆ ಇಲ್ಲ. ನನಗೆ ಅದು ಬೇಕಾಗೂ ಇರಲಿಲ್ಲ. ಅದನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಟಿದ್ದೇನೆ. ಹಳೆ ಬಾಕಿಯನ್ನು ಇನ್ಯಾವುದೋ ಏಜೆನ್ಸಿ ಕೊಂಡು ವರ್ಷಗಳ ಮೇಲೆ ಮತ್ತೆ ಕೇಳುವುದುಂಟು ಅಂತ ಅಕ್ಕ ಹೇಳಿದ್ದಾರೆ.

ಆ ಅರಿವಳಿಕೆ ಡಾಕ್ಟರಿಗೆ 1,140 ಸಾಕಾ, ಸಾಲದಾ? ನನಗೆ ಗೊತ್ತಾಗುವ ವಿಷಯ ಅಲ್ಲ, ಅದನ್ನು ನಾನು ತೀರ್ಮಾನ ಮಾಡಬೇಕಾಗೂ ಇಲ್ಲ. ಅದಕ್ಕೆ ಬೇರೆ ದಾರಿ ಇಟ್ಟಿದ್ದಾರೆ. ಡಾಕ್ಟರ ಕಡೆಯವರೂ ಇನ್ಶೂರೆನ್ಸ್‌ನವರೂ 30 ಕೆಲಸದ ದಿನ ಮಾತುಕತೆ ನಡೆಸಬೇಕು. ಹೊಂದದಿದ್ದರೆ ಮಧ್ಯಸ್ಥರ ಹತ್ತಿರ ಹೋಗಬೇಕು. ಎರಡೂ ಕಡೆಯವರು ಒಂದೊಂದು ಮೊತ್ತ ಮುಂದಿಡುತ್ತಾರೆ, ಮಧ್ಯಸ್ಥರು ಎರಡರಲ್ಲಿ ಒಂದನ್ನು ಆರಿಸುತ್ತಾರೆ. ನಡುವಿನ ಮೊತ್ತ ಇಲ್ಲ. ಇದರ ನಿಯಮಗಳ ಬಗ್ಗೆ ಟೆಕ್ಸಾಸ್‌ನ ವೈದ್ಯರ ಸಂಘ ಇಲ್ಲೇ ಟೈಲರ್ ಊರಿನ ಫೆಡರಲ್ ಕೋರ್ಟಿನಲ್ಲಿ ಒಂದಾದ ಮೇಲೊಂದು ದಾವೆ ಹೂಡಿದೆ, ಕೆಲವು ನಿಯಮಗಳನ್ನು ಕೋರ್ಟು ರದ್ದೂ ಮಾಡಿದೆ. ಅದೆಲ್ಲ ಡಾಕ್ಟರಿಗೆ ಎಷ್ಟು ಸಿಗಬೇಕು ಅನ್ನುವ ಜಗಳ. ರೋಗಿಯ ಪಾಲು ಅಷ್ಟೇ ಅನ್ನುವ ರಕ್ಷಣೆ ಹಾಗೇ ನಿಂತಿದೆ.

ಒಂದರಲ್ಲಿ ಮಾತ್ರ ನಾವು ಗೆಲ್ಲಲಿಲ್ಲ. ಆಂಬ್ಯುಲೆನ್ಸ್. ಆ ರಾತ್ರಿ ಮಕ್ಕಳು ಮಲಗಿದ್ದರು, ನಾನೇ ಕಾರು ಓಡಿಸಿಕೊಂಡು ಹೋಗುವ ಧೈರ್ಯ ಬರಲಿಲ್ಲ, 911ಕ್ಕೆ ಫೋನ್ ಮಾಡಿದ್ದೆ. ರಸ್ತೆಯ ಮೇಲೆ ಓಡುವ ಆಂಬ್ಯುಲೆನ್ಸನ್ನು ಈ ಕಾಯ್ದೆಯಿಂದ ಹೊರಗಿಟ್ಟಿದ್ದಾರೆ. ಆಕಾಶದಲ್ಲಿ ಹೋದರೆ ರಕ್ಷಣೆ ಇದೆ, ನೆಲದ ಮೇಲೆ ಹೋದರೆ ಇಲ್ಲ. ಇದನ್ನು ಏನು ಮಾಡಬೇಕು ಅಂತ ಯೋಚಿಸಲು ಕಾಯ್ದೆಯೇ ಒಂದು ಸಲಹಾ ಸಮಿತಿ ಮಾಡಿಸಿತು, ಸಮಿತಿ ರೋಗಿಯನ್ನು ರಕ್ಷಿಸಿ ಅಂತಲೇ ಶಿಫಾರಸು ಮಾಡಿತು. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಆದರೆ ನಮ್ಮಂಥ ಸ್ವಂತ ದುಡ್ಡಿನ ಪ್ಲಾನ್‌ಗಳನ್ನು ಅವು ಮುಟ್ಟುವುದಿಲ್ಲ. ಇನ್ಶೂರೆನ್ಸ್ ಕೊಟ್ಟಿದ್ದು ಹೋಗಿ ಇನ್ನೂ ದೊಡ್ಡ ಮೊತ್ತ ಉಳಿದಿತ್ತು. ಫೋನ್ ಮಾಡಿ ಕೇಳಿದೆ, ಸ್ವಲ್ಪ ಇಳಿಸಿದರು, ಕಂತಿನಲ್ಲಿ ಕಟ್ಟುತ್ತಿದ್ದೇವೆ. ನನ್ನ ಗಂಡನನ್ನು ಅಷ್ಟು ಜೋಪಾನವಾಗಿ ಎತ್ತಿಕೊಂಡು ಹೋದ ಆ ಹುಡುಗರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಪ್ರಾಣಕ್ಕೆ ಕುತ್ತು ಬಂದಾಗ ಯಾರು ತಾನೇ ನೆಟ್‌ವರ್ಕ್ ನೋಡಿ ಆಂಬ್ಯುಲೆನ್ಸ್ ಕರೆಯುತ್ತಾರೆ? ಈ ಒಂದು ತೂತನ್ನು ಮುಚ್ಚಲೇಬೇಕು.

ಈಗ ಬೇಸಿಗೆಗೆ ಅತ್ತೆ ಮಾವ ಬರುತ್ತಿದ್ದಾರೆ. ಊರಿನಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇದೊಂದನ್ನು ತಿಳಿದಿರಲಿ. ಅವರಿಗೆ ನಾವು ಕೊಳ್ಳುವ ವಿಸಿಟರ್ ಇನ್ಶೂರೆನ್ಸ್ ಈ ಕಾಯ್ದೆಯ ಒಳಗೆ ಬರುವುದಿಲ್ಲ. ನಮ್ಮ ಕಾರ್ಡಿಗೆ ಸಿಕ್ಕ ರಕ್ಷಣೆ ಅವರ ಕಾರ್ಡಿಗೆ ಸಿಗುವುದಿಲ್ಲ. ಆದರೆ ಇನ್ಶೂರೆನ್ಸ್ ಇಲ್ಲದೆ ಕೈಯಿಂದ ಕಟ್ಟುವವರಿಗೆ ಇದೇ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ. ಚಿಕಿತ್ಸೆಗೆ ಮುಂಚೆ ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಕೇಳಬಹುದು. ಗುಡ್ ಫೇತ್ ಎಸ್ಟಿಮೇಟ್ ಅಂತ ಅದರ ಹೆಸರು. ಕೇಳಿದ 3 ಕೆಲಸದ ದಿನದೊಳಗೆ ಅವರು ಕೊಡಬೇಕು. ಆಮೇಲೆ ಬಿಲ್ಲು ಆ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, 120 ದಿನದೊಳಗೆ 25 ಡಾಲರ್ ಶುಲ್ಕ ಕಟ್ಟಿ ತಕರಾರು ಹಾಕಬಹುದು. ಅದು ತೀರ್ಮಾನ ಆಗುವವರೆಗೆ ಬಿಲ್ಲನ್ನು ಕಲೆಕ್ಷನ್‌ಗೆ ಕೊಡುವಂತಿಲ್ಲ.

ಅತ್ತೆಗೆ ಹಳೆಯ ಮಂಡಿನೋವು. ಮೊದಲಿನಿಂದ ಇರುವ ಕಾಯಿಲೆ ಅಂತ ವಿಸಿಟರ್ ಇನ್ಶೂರೆನ್ಸ್ ಅದಕ್ಕೆ ಕೊಡುವುದಿಲ್ಲ, ಕೈಯಿಂದಲೇ ಕಟ್ಟಬೇಕು. ಇಲ್ಲಿಗೆ ಬಂದಾಗ ಒಮ್ಮೆ ತೋರಿಸೋಣ ಅಂತ ಹತ್ತಿರದ ಮೂಳೆ ಡಾಕ್ಟರ ಕ್ಲಿನಿಕ್‌ಗೆ ಫೋನ್ ಮಾಡಿದ್ದೆ. ತೋರಿಸುವುದಕ್ಕೆ ಎಷ್ಟು, ಎಕ್ಸ್‌ರೇಗೆ ಎಷ್ಟು, ಅದನ್ನು ಓದುವವರು ಬೇರೆಯವರಾದರೆ ಅವರಿಗೆ ಎಷ್ಟು, ಎಲ್ಲಾ ಸೇರಿಸಿ ಎಸ್ಟಿಮೇಟ್ ಬರೆದು ಕಳಿಸಿ ಅಂತ ಕೇಳಿದ್ದೇನೆ.